ಹಾಲಿನ ಲೆಕ್ಕ, ಆರೋಗ್ಯದ ಪಾಲು

ಹಾಸನದ ಪೇಟೆಯವರಿಗೆ ಸಾಲಗಾಮೆ ಎಂದರೆ ಮೊದಲು ನೆನಪಾಗುವುದು ಊರಲ್ಲ, ರಸ್ತೆ. ಮಲೆನಾಡು ಎಂಜಿನಿಯರಿಂಗ್ ಕಾಲೇಜಿನ ರಸ್ತೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಸ್ಕೂಟರು, ಆಟೊ, ಕಾಲೇಜು ಬಸ್ಸುಗಳು ತಾಗಿಕೊಂಡೇ ಓಡುವ ರಸ್ತೆ. ಅದರ ಇನ್ನೊಂದು ತುದಿಯಲ್ಲಿ ಅದೇ ಹೆಸರಿನ ಹೋಬಳಿ ಕೇಂದ್ರವಿದೆ. ಸುತ್ತ ಆಲೂಗಡ್ಡೆ, ಮುಸುಕಿನ ಜೋಳ, ಶುಂಠಿ ಬೆಳೆಯುವ ಹಳ್ಳಿಗಳಿವೆ. ಆ ಹಳ್ಳಿಗಳವರ ಪಾಲಿಗೆ ಇದು ಸಂತೆಗೆ, ಕೋರ್ಟಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಆಸ್ಪತ್ರೆಗೆ ಹೋಗುವ ದಾರಿ.

ಸಾಲಗಾಮೆಯಿಂದ ಹಾಸನ ದೂರವೇನಲ್ಲ. ಹಗಲು ಹೊತ್ತಿನಲ್ಲಿ, ಬಸ್ಸು ಸಿಕ್ಕರೆ, ಜೇಬಿನಲ್ಲಿ ದುಡ್ಡಿದ್ದರೆ, ಜೊತೆಗೆ ಬರಲು ಒಬ್ಬರಿದ್ದರೆ, ಅರ್ಧ ಗಂಟೆಯ ಮಾತು. ರಾತ್ರಿ ಎರಡಕ್ಕೆ ಎದೆ ಹಿಂಡಿದಂತಾದಾಗ ಅದೇ ದಾರಿ ಬೇರೆಯಾಗಿ ಕಾಣುತ್ತದೆ. ಹಳ್ಳಿಯ ಆರೋಗ್ಯದ ಬಗ್ಗೆ ಬರೆಯುವಾಗ ಕಿಲೋಮೀಟರು ಲೆಕ್ಕ ಹಾಕುವುದು ಸುಲಭ. ಮನೆಯ ಜಗುಲಿಯಿಂದ ಆಸ್ಪತ್ರೆಯ ಮೆಟ್ಟಿಲವರೆಗೆ ಎಷ್ಟು ಕೈಗಳು ಬೇಕು ಎಂಬ ಲೆಕ್ಕವನ್ನು ಮಾತ್ರ ಯಾವ ನಕ್ಷೆಯೂ ತೋರಿಸುವುದಿಲ್ಲ.

2025ರ ಜೂನ್‌ನಲ್ಲಿ ಇಡೀ ನಾಡು ಈ ಜಿಲ್ಲೆಯತ್ತ ತಿರುಗಿ ನೋಡಿತು. ನಲವತ್ತು ದಿನಗಳ ಆಸುಪಾಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಹಠಾತ್ತನೆ ತೀರಿಕೊಂಡರು ಎಂಬ ಸುದ್ದಿ ದಿನವೂ ಬರತೊಡಗಿತು. ಅವರಲ್ಲಿ ಹರೆಯದವರಿದ್ದರು, ಆಟೊ–ಕಾರು ಚಾಲಕರಿದ್ದರು. ಟಿ.ವಿ. ಚಾನೆಲ್‌ಗಳು ಸಾವಿನ ಸಂಖ್ಯೆಯನ್ನು ಕ್ರಿಕೆಟ್ ಸ್ಕೋರಿನಂತೆ ಓದಿದವು. ಹಾಸನದವರಷ್ಟೇ ಅಲ್ಲ, ಸುತ್ತಲ ಜಿಲ್ಲೆಗಳವರೂ ಗಾಬರಿಬಿದ್ದು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ನಸುಕಿನಲ್ಲೇ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ರಚಿಸಿತು. ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ನಾಲ್ಕಕ್ಕೆ ಬೇರೆ ಕಾರಣಗಳಿದ್ದವು. ಹಿಂದಿನ ಅವಧಿಗೆ ಹೋಲಿಸಿದರೆ ಅಸಹಜ ಏರಿಕೆಯೇನೂ ಆಗಿಲ್ಲ ಎಂದು ವರದಿ ಹೇಳಿತು. ಬಿಪಿ, ಶುಗರ್, ಬೀಡಿ–ಸಿಗರೇಟು, ಕುಡಿತ, ಮನೆತನದ ಹೃದಯರೋಗ — ಅದು ಬೊಟ್ಟು ಮಾಡಿದ್ದು ಹಳೆಯ ವೈರಿಗಳನ್ನೇ.

ಗಾಬರಿ ಇಳಿಯಿತು, ಕ್ಯಾಮೆರಾಗಳು ಹೋದವು. ಆದರೆ ‘ಅಸಹಜ ಏರಿಕೆ ಇಲ್ಲ’ ಎಂಬ ಮಾತಿನೊಳಗೆ ಇನ್ನೊಂದು ಅರ್ಥ ಅಡಗಿದೆ. ಸುದ್ದಿಯಾಗದೆ, ಸದ್ದಿಲ್ಲದೆ, ಹಿಂದಿನ ವರ್ಷಗಳಲ್ಲೂ ಜನ ಹೀಗೆಯೇ ಹೋಗುತ್ತಿದ್ದರು.

ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುವುದು. ಹರಿವು ನಿಂತ ಕ್ಷಣದಿಂದ ಸ್ನಾಯು ಸಾಯತೊಡಗುತ್ತದೆ. ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಚುಚ್ಚುಮದ್ದು ಎಷ್ಟು ಬೇಗ ಸಿಕ್ಕಿದರೆ ಅಷ್ಟು ಸ್ನಾಯು ಉಳಿಯುತ್ತದೆ. ಮೊದಲ ಗಂಟೆಯೊಳಗಾದರೆ ಲಾಭ ಎಲ್ಲಕ್ಕಿಂತ ಹೆಚ್ಚು. ಖಾಸಗಿಯಾಗಿ ಕೊಂಡರೆ ಇದರ ಬೆಲೆ ಹತ್ತಾರು ಸಾವಿರ ರೂಪಾಯಿ. ಇದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡಲು ರಾಜ್ಯ ಸರ್ಕಾರ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯನ್ನು ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ. ಅದು ಅಂತರ್ಜಾಲದಲ್ಲಿ ದೂರದ ದೊಡ್ಡ ಆಸ್ಪತ್ರೆ ತಲುಪುತ್ತದೆ. ಕಂಪ್ಯೂಟರೂ ತಜ್ಞ ವೈದ್ಯರೂ ಕೆಲವೇ ನಿಮಿಷಗಳಲ್ಲಿ ಓದಿ ಹೇಳುತ್ತಾರೆ. ಆಘಾತ ಹೌದೆಂದಾದರೆ ಅಲ್ಲೇ ಚುಚ್ಚುಮದ್ದು, ಆಮೇಲೆ ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ. ಬಂಡಿ ಚಕ್ರದ ಗುಂಬದಂತೆ ದೊಡ್ಡ ಆಸ್ಪತ್ರೆ, ಅದರಿಂದ ಹೊರಟ ಕಡ್ಡಿಗಳಂತೆ ತಾಲ್ಲೂಕು ಆಸ್ಪತ್ರೆಗಳು. ಹಾಸನದ ಸಾವುಗಳ ನಂತರ ಇದನ್ನು ರಾಜ್ಯದ ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಪ್ರಕಟಿಸಿತು.

ವ್ಯವಸ್ಥೆ ಸೊಗಸಾಗಿದೆ. ಆದರೆ ಕಡ್ಡಿಯ ತುದಿ ತಾಲ್ಲೂಕು ಕೇಂದ್ರಕ್ಕೇ ಮುಗಿಯುತ್ತದೆ. ಅಲ್ಲಿಂದಾಚೆಗೆ, ಎದೆ ಹಿಡಿದುಕೊಂಡು ಕೂತ ಮನುಷ್ಯನ ಮನೆಯವರೆಗೆ ಇರುವ ದಾರಿಯನ್ನು ಯಾವ ಯಂತ್ರವೂ ಕ್ರಮಿಸುವುದಿಲ್ಲ. ಅಲ್ಲಿ ನಡೆಯುವುದೇನೆಂದು ಹಾಸನ ಸೀಮೆಯ ಯಾವ ಮನೆಯವರನ್ನು ಕೇಳಿದರೂ ಹೇಳುತ್ತಾರೆ: ‘ಗ್ಯಾಸ್ಟ್ರಿಕ್ ಇರ್ಬೇಕು, ಒಂದು ಸೋಡ ಕುಡಿ.’ ಸೋಡ, ಆಮೇಲೆ ಜೀರಿಗೆ ಕಷಾಯ, ಆಮೇಲೆ ಬೆನ್ನಿಗೆ ಅಮೃತಾಂಜನ, ಬೆಳಗಾಗಲಿ ನೋಡೋಣ ಎಂಬ ಸಮಾಧಾನ. ಮೊದಲ ಗಂಟೆ ಅಲ್ಲಿಗೆ ಮುಗಿಯಿತು. ಜಯದೇವ ಸಂಸ್ಥೆಯನ್ನು ವರ್ಷಗಳ ಕಾಲ ಮುನ್ನಡೆಸಿ, ಮೊದಲು ಚಿಕಿತ್ಸೆ, ಆಮೇಲೆ ಹಣ ಎಂಬ ಪದ್ಧತಿಯನ್ನು ಅಲ್ಲಿ ನೆಲೆಗೊಳಿಸಿದ ಡಾ. ಸಿ.ಎನ್. ಮಂಜುನಾಥ್ ಇದೇ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನವರು. ಆಸ್ಪತ್ರೆಯ ಬಾಗಿಲಲ್ಲಿ ಹಣದ ಅಡ್ಡಿಯನ್ನು ತೆಗೆಯುವುದು ಒಂದು ಕೆಲಸ. ಆ ಬಾಗಿಲವರೆಗೆ ಮನುಷ್ಯ ಹೊತ್ತಿಗೆ ಸರಿಯಾಗಿ ಬರುವಂತೆ ಮಾಡುವುದು ಇನ್ನೊಂದು, ಮತ್ತು ಅದು ಊರಿನ ಕೆಲಸ.

ಊರಿನ ಕೆಲಸವನ್ನು ಊರು ಹೇಗೆ ಮಾಡುತ್ತದೆ ಎಂಬುದಕ್ಕೆ ಈ ಜಿಲ್ಲೆಯಲ್ಲಿ ಒಳ್ಳೆಯ ಮಾದರಿ ಹಾಲಿನ ಡೈರಿ. ಗುಜರಾತಿನ ಆಣಂದದಲ್ಲಿ 1946ರಲ್ಲಿ ಶುರುವಾದ ಸಹಕಾರದ ಹಾಲು 1970ರ ದಶಕದಲ್ಲಿ ಕರ್ನಾಟಕಕ್ಕೆ ಬಂತು. ಹಾಸನ ಹಾಲು ಒಕ್ಕೂಟ ಹುಟ್ಟಿದ್ದು 1977ರಲ್ಲಿ. ಇವತ್ತು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಡೈರಿ ಇಲ್ಲದ ಊರು ಹುಡುಕುವುದು ಕಷ್ಟ. ದಿನಕ್ಕೆ ಎರಡು ಹೊತ್ತು ಊರೆಲ್ಲ ಅಲ್ಲಿ ಸೇರುತ್ತದೆ. ಯಾರ ಎಮ್ಮೆ ಕರು ಹಾಕಿತು, ಯಾರ ಮಗನಿಗೆ ಹೆಣ್ಣು ಸಿಕ್ಕಿತು, ಯಾರು ಎರಡು ದಿನದಿಂದ ಹಾಲು ಹಾಕಿಲ್ಲ — ಎಲ್ಲವೂ ಕಾರ್ಯದರ್ಶಿಗೆ ಗೊತ್ತು. ಹಾಲು ಹಾಕಲು ಬರಲಿಲ್ಲ ಎಂದರೆ ಮನೆಯಲ್ಲಿ ಯಾರಿಗೋ ಮೈ ಸರಿಯಿಲ್ಲ ಎಂದೇ ಅರ್ಥ. ಊರಿನ ಆರೋಗ್ಯದ ಹಾಜರಿ ಪುಸ್ತಕ ನಿಜವಾಗಿ ಇರುವುದು ಅಲ್ಲಿ.

ಈ ಹಾಜರಿ ಪುಸ್ತಕವನ್ನು ಮೊದಲು ಕಂಡವರಲ್ಲಿ ಒಬ್ಬರು ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ. 2000ದ ದಶಕದ ಆರಂಭದಲ್ಲಿ ಅವರು ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಊರೂರಿನ ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಾಸಿಗೆಗಳು ಖಾಲಿ ಬಿದ್ದಿದ್ದವು. ಅದೇ ಹೊತ್ತಿಗೆ ಸಹಕಾರ ಸಂಘಗಳ ಪುಸ್ತಕದಲ್ಲಿ ಲಕ್ಷಾಂತರ ರೈತರ ಹೆಸರಿತ್ತು, ಆಪರೇಷನ್ ಎಂದರೆ ಹೊಲ ಮಾರಬೇಕಾದ ರೈತರದು. ಒಬ್ಬೊಬ್ಬರೂ ತಿಂಗಳಿಗೆ 5 ರೂಪಾಯಿ ಹಾಕಿದರೆ? ಒಂದು ಬೀಡಿ ಕಟ್ಟಿನ ಬೆಲೆ. ಆ ಪ್ರಶ್ನೆಯಿಂದ ಹುಟ್ಟಿದ್ದು ‘ಯಶಸ್ವಿನಿ ಸಹಕಾರಿ ರೈತರ ಆರೋಗ್ಯ ರಕ್ಷಣಾ ಯೋಜನೆ’. ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ 2002ರ ನವೆಂಬರ್ 14ರಂದು ಉದ್ಘಾಟನೆಯಾಗಿ, 2003ರ ಜೂನ್ 1ರಿಂದ ಜಾರಿಗೆ ಬಂತು. ಸದಸ್ಯನ ವಂತಿಗೆ ವರ್ಷಕ್ಕೆ 60 ರೂಪಾಯಿ; ಅದರ ಮೇಲೆ ಸರ್ಕಾರದ ಒಂದಿಷ್ಟು ನೆರವು.

ಇದರಲ್ಲಿ ವಿಮಾ ಕಂಪನಿ ಇರಲಿಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಹಣ ಒಂದು ಟ್ರಸ್ಟಿಗೆ ಸೇರುತ್ತಿತ್ತು, ಆಸ್ಪತ್ರೆಗಳಿಗೆ ಟ್ರಸ್ಟೇ ಕೊಡುತ್ತಿತ್ತು. ಯಾವ ಆಪರೇಷನ್‌ಗೆ ಎಷ್ಟು ಎಂದು ಮೊದಲೇ ದರ ನಿಗದಿ. ರೋಗಿ ಜೇಬಿಗೆ ಕೈ ಹಾಕಬೇಕಿಲ್ಲ. 1,600ಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆಗಳು ಪಟ್ಟಿಯಲ್ಲಿದ್ದವು. ಆ ಪಟ್ಟಿಯನ್ನು ಓದಿದರೆ ಬರೆದವರ ಕಾಲಿಗೆ ಹೊಲದ ಮಣ್ಣು ಹತ್ತಿತ್ತು ಎಂದು ತಿಳಿಯುತ್ತದೆ. ಶಸ್ತ್ರಚಿಕಿತ್ಸೆಯಲ್ಲದಿದ್ದರೂ ಹಾವು ಕಡಿತ, ನಾಯಿ ಕಡಿತ, ನೀರಿಗೆ ಬಿದ್ದದ್ದು, ಕರೆಂಟು ಹೊಡೆದದ್ದು, ಕೃಷಿ ಯಂತ್ರಕ್ಕೆ ಕೈ ಸಿಕ್ಕಿದ್ದು, ಹೋರಿ ತಿವಿದದ್ದು ಎಲ್ಲವೂ ಯೋಜನೆಯೊಳಗೆ ಬಂದವು. ನಗರದಲ್ಲಿ ಕೂತು ಬರೆದ ಯಾವ ವಿಮೆಯ ಕಾಗದದಲ್ಲಿ ಹೋರಿ ತಿವಿತಕ್ಕೆ ಜಾಗವಿದೆ?

ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಎರಡನೇ ವರ್ಷ ಸಂಖ್ಯೆ 20 ಲಕ್ಷ ದಾಟಿತು. ಇಷ್ಟು ಜನರನ್ನು ಸೇರಿಸಿದ್ದು ಜಾಹೀರಾತಲ್ಲ, ಡೈರಿ ಕಿಟಕಿ. ಹಾಲಿನ ಬಟವಾಡೆಯಲ್ಲಿ ವಂತಿಗೆ ಹಿಡಿದುಕೊಳ್ಳುವ ಸೌಕರ್ಯವಿತ್ತು. ಕೈಯಿಂದ ಅರವತ್ತು ರೂಪಾಯಿ ತೆಗೆದು ಕೊಡುವುದು ಬೇರೆ, ಬರಬೇಕಾದ ಹಾಲಿನ ದುಡ್ಡಿನಲ್ಲಿ ಅರವತ್ತು ಕಡಿಮೆ ಬರುವುದು ಬೇರೆ. ಮನೆ ನಡೆಸುವ ಯಾವ ಹೆಂಗಸಿಗೂ ಈ ವ್ಯತ್ಯಾಸ ಗೊತ್ತು. ಎರಡನೆಯದಾಗಿ, ದುಡ್ಡು ಹಿಡಿದುಕೊಂಡವನು ಊರಿನವನೇ. ಪಕ್ಕದ ಬೀದಿಯ ರಂಗಣ್ಣನೋ ಮಂಜಣ್ಣನೋ. ಕಾರ್ಡು ಸಿಗಲಿಲ್ಲವೆಂದರೆ ಅವನು ನಾಳೆ ಬೆಳಿಗ್ಗೆ ಮತ್ತೆ ಅದೇ ಕಿಟಕಿಯಲ್ಲಿ ಮುಖ ತೋರಿಸಬೇಕು. ಟೋಲ್‌ಫ್ರೀ ನಂಬರಿಗೆ ಇಂಥ ಮುಖ ಇರುವುದಿಲ್ಲ.

ಆರಾಧನಾ ಅಗರವಾಲ್ ಎಂಬ ಅರ್ಥಶಾಸ್ತ್ರಜ್ಞೆ ಯಶಸ್ವಿನಿಯ ಪರಿಣಾಮವನ್ನು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದರು. ಸದಸ್ಯರು ಆರೋಗ್ಯ ಸೇವೆಯನ್ನು ಹೆಚ್ಚು ಬಳಸಿದರು, ಶಸ್ತ್ರಚಿಕಿತ್ಸೆಗಾಗಿ ಸಾಲ ಮಾಡುವುದು ಕಡಿಮೆಯಾಯಿತು ಎಂಬುದು ಅದರ ಒಂದು ಮುಖ್ಯ ಕಾಣ್ಕೆ. ಬಡ್ಡಿ ಸಾಲದ ಭಾರ ಬಲ್ಲ ಆಲೂಗಡ್ಡೆ ಬೆಳೆಗಾರನಿಗೆ ಇದನ್ನು ವಿವರಿಸಬೇಕಿಲ್ಲ. ಅಂಗಮಾರಿ ಬಂದು ಒಂದು ವರ್ಷದ ಬೆಳೆ ಹೋದರೆ ಮುಂದಿನ ವರ್ಷ ಹೇಗೋ ಎದ್ದು ನಿಲ್ಲಬಹುದು. ಒಂದು ಆಪರೇಷನ್ನಿಗೆ ಮಾರಿದ ಜಮೀನು ತಿರುಗಿ ಬರುವುದಿಲ್ಲ.

ಹೊಗಳಿಕೆ ಇಷ್ಟಕ್ಕೆ ಸಾಕು, ತೂತುಗಳೂ ಇದ್ದವು. ಸಹಕಾರ ಸಂಘದ ಸದಸ್ಯರಿಗಷ್ಟೇ ಬಾಗಿಲು ತೆರೆದಿದ್ದರಿಂದ, ಹಸುವೂ ಇಲ್ಲದ ಹೊಲವೂ ಇಲ್ಲದ ಕೂಲಿಯವರಲ್ಲಿ ಬಹಳ ಮಂದಿ ಹೊರಗೇ ಉಳಿದರು. ಶಸ್ತ್ರಚಿಕಿತ್ಸೆಗೆ ಹಣವಿತ್ತು, ವರ್ಷವಿಡೀ ನುಂಗಬೇಕಾದ ಬಿಪಿ, ಶುಗರ್ ಮಾತ್ರೆಗಳಿಗೆ ಇರಲಿಲ್ಲ. ವಂತಿಗೆ ಇಮ್ಮಡಿಯಾದ ಮೂರನೇ ವರ್ಷ ಸದಸ್ಯರ ಸಂಖ್ಯೆ 15 ಲಕ್ಷದೊಳಕ್ಕೆ ಕುಸಿಯಿತು. ಅರವತ್ತಕ್ಕೂ ನೂರಿಪ್ಪತ್ತಕ್ಕೂ ಇರುವ ಅಂತರವನ್ನು ವಿಧಾನಸೌಧ ಅಳೆಯುವ ಬಗೆಯೇ ಬೇರೆ, ಡೈರಿ ಅಳೆಯುವ ಬಗೆಯೇ ಬೇರೆ. ಆಮೇಲೆ ಮತ್ತೆ ಏರಿ, ಯೋಜನೆ ಹದಿನೈದು ವರ್ಷ ನಡೆಯಿತು.

2018ರಲ್ಲಿ ಸರ್ಕಾರ ಎಲ್ಲ ಆರೋಗ್ಯ ಯೋಜನೆಗಳನ್ನೂ ‘ಆರೋಗ್ಯ ಕರ್ನಾಟಕ’ದಲ್ಲಿ ಸೇರಿಸಿತು; ಯಶಸ್ವಿನಿ ನಿಂತಿತು. ಎಲ್ಲರಿಗೂ ಒಂದೇ ಕಾರ್ಡು ಎಂಬ ತರ್ಕ ಕಾಗದದ ಮೇಲೆ ತಪ್ಪಲ್ಲ. ಆದರೆ ಹೊಸ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಶಿಫಾರಸು ಪತ್ರ ಪಡೆದು ಮುಂದಕ್ಕೆ ಹೋಗಬೇಕಿತ್ತು. ರೈತ ತಾನು ಹಣ ಕಟ್ಟಿದ ಯೋಜನೆಯ ಸದಸ್ಯನಾಗಿದ್ದವನು ಈಗ ಸರ್ಕಾರದ ಫಲಾನುಭವಿಯಾದ. ಸದಸ್ಯನಿಗೂ ಫಲಾನುಭವಿಗೂ ಇರುವ ವ್ಯತ್ಯಾಸ ಕೌಂಟರಿನ ಮುಂದೆ ನಿಂತಾಗ ತಿಳಿಯುತ್ತದೆ: ಒಬ್ಬ ಕೇಳುತ್ತಾನೆ, ಇನ್ನೊಬ್ಬ ಕಾಯುತ್ತಾನೆ. ರೈತ ಸಂಘಟನೆಗಳೂ ಸಹಕಾರಿಗಳೂ ಯಶಸ್ವಿನಿಯನ್ನು ಮರಳಿ ತನ್ನಿ ಎಂದು ಒತ್ತಾಯಿಸುತ್ತಲೇ ಇದ್ದರು. ಬಸವರಾಜ ಬೊಮ್ಮಾಯಿ ಸರ್ಕಾರ 2022ರ ಬಜೆಟ್ಟಿನಲ್ಲಿ ಅದನ್ನು ಪ್ರಕಟಿಸಿ, ನವೆಂಬರಿನಲ್ಲಿ ನೋಂದಣಿ ತೆರೆಯಿತು. 2023ರ ಜನವರಿ 1ರಿಂದ ಚಿಕಿತ್ಸೆ ಶುರುವಾಯಿತು. ಗ್ರಾಮೀಣ ಪ್ರದೇಶದ ನಾಲ್ವರವರೆಗಿನ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಗರದವರಿಗೆ 1,000. ಚಿಕಿತ್ಸೆಯ ಮಿತಿ 5 ಲಕ್ಷ. ಸರ್ಕಾರಗಳು ನಿಲ್ಲಿಸಿದ ಯೋಜನೆಗಳು ಜನರ ಒತ್ತಾಯಕ್ಕೆ ಮರಳಿ ಬರುವುದು ಅಪರೂಪ. ಜನರಿಗೆ ಅದು ತಮ್ಮದು ಎನಿಸಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಡೈರಿಗಿಂತ ಮುಂಚೆಯೂ ಆಮೇಲೂ ಈ ಸೀಮೆಯಲ್ಲಿ ಆಸ್ಪತ್ರೆಗಳನ್ನು ಸರ್ಕಾರವೊಂದೇ ಕಟ್ಟಲಿಲ್ಲ. ಹಾಸನದಲ್ಲಿ ರೆಡ್‌ಫರ್ನ್ ಹೆಸರಿನ ಮಿಷನ್ ಆಸ್ಪತ್ರೆ ಸರ್ಕಾರಿ ವೈದ್ಯಕೀಯ ಕಾಲೇಜು ಬರುವುದಕ್ಕೆ ಎಷ್ಟೋ ದಶಕಗಳ ಮುಂಚಿನಿಂದ ಹೆರಿಗೆ ಮಾಡಿಸುತ್ತ ಬಂದಿದೆ. ಧರ್ಮಸ್ಥಳದವರ ಆಯುರ್ವೇದ ಕಾಲೇಜು, ಆಸ್ಪತ್ರೆ ಹಾಸನದ ತಣ್ಣೀರುಹಳ್ಳದಲ್ಲಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ 2006ರ ಮಹಾಮಸ್ತಕಾಭಿಷೇಕದ ನೆನಪಿಗೆ ಮಕ್ಕಳ ಆಸ್ಪತ್ರೆ ಎದ್ದಿತು. ಅದೇ ತಾಲ್ಲೂಕಿನ ಜನ ಬೆಂಗಳೂರು ಹೆದ್ದಾರಿ ಹಿಡಿದು ಹೋಗುವುದು ಮಂಡ್ಯ ಜಿಲ್ಲೆಯ ಬೆಳ್ಳೂರಿನ ಬಳಿಯ ಆದಿಚುಂಚನಗಿರಿ ಮಠದ ವೈದ್ಯಕೀಯ ಕಾಲೇಜಿಗೆ. ಹಾಸನಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು 2006ರಲ್ಲಿ, ಜನರ ಬಾಯಲ್ಲಿ ಅದು ‘ಹಿಮ್ಸ್’. ಮಠ, ಮಿಷನ್, ಸರ್ಕಾರ ಮೂರೂ ಕಟ್ಟಡ ಕಟ್ಟಿದವು. ಕಟ್ಟಡವಿಲ್ಲ ಎಂದು ದೂರುವ ಕಾಲ ಈ ಜಿಲ್ಲೆಯಲ್ಲಿ ಬಹುಮಟ್ಟಿಗೆ ಮುಗಿದಿದೆ.

ಆದರೂ ಅರಕಲಗೂಡಿನ ಕೂಲಿ ಹೆಂಗಸು ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತಾಳೆ. ಏಕೆ? ಉತ್ತರ ಹುಡುಕಲು ಸ್ವಲ್ಪ ದಕ್ಷಿಣಕ್ಕೆ, ಚಾಮರಾಜನಗರ ಜಿಲ್ಲೆಯ ಯಳಂದೂರಿಗೆ ಹೋಗಬೇಕು.

ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಕೆಲಸ ಶುರು ಮಾಡಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದರು. ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗ ಹೆಚ್ಚಿದ್ದುದರಿಂದ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. 1996ರಲ್ಲಿ ಸರ್ಕಾರ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸಲು ಈ ಟ್ರಸ್ಟಿಗೆ ಒಪ್ಪಿಸಿತು. ಕಟ್ಟಡ ಸರ್ಕಾರದ್ದು, ಹಣದಲ್ಲಿ ಹೆಚ್ಚಿನ ಪಾಲು ಸರ್ಕಾರದ್ದು, ಚಿಕಿತ್ಸೆ ಉಚಿತ. ನಡೆಸುವವರು ಮಾತ್ರ ಬೇರೆ. ದೇಶದಲ್ಲಿ ಇಂಥ ಪ್ರಯೋಗಗಳ ಮಾತು ಬಂದಾಗಲೆಲ್ಲ ಗುಂಬಳ್ಳಿಯ ಹೆಸರು ಬರುತ್ತದೆ. ಅಲ್ಲಿ ದೊಡ್ಡ ಯಂತ್ರಗಳೇನೂ ಇರಲಿಲ್ಲ. ವೈದ್ಯರೂ ನರ್ಸುಗಳೂ ಊರಲ್ಲೇ ಉಳಿದರು, ರಾತ್ರಿಯೂ ಬಾಗಿಲು ತೆರೆದಿರುತ್ತಿತ್ತು — ಸಾಧನೆ ಇಷ್ಟು ಸರಳ, ಇಷ್ಟು ಕಷ್ಟ. ಮುಂದೆ ‘ಆರೋಗ್ಯ ಬಂಧು’ ಎಂಬ ಹೆಸರಿನಲ್ಲಿ ಇನ್ನಷ್ಟು ಕೇಂದ್ರಗಳು ಟ್ರಸ್ಟುಗಳ, ವೈದ್ಯಕೀಯ ಕಾಲೇಜುಗಳ ಕೈಗೆ ಹೋದವು. ಎಲ್ಲವೂ ಗುಂಬಳ್ಳಿಯಾಗಲಿಲ್ಲ. ಕೊನೆಗೆ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ಕೂಲಿ ಹೆಂಗಸಿನ ಪ್ರಶ್ನೆಗೆ ಉತ್ತರ ಇದೇ ಟ್ರಸ್ಟ್ 2002ರಲ್ಲಿ ಯಳಂದೂರು, ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ನಡೆಸಿದ ಸಣ್ಣ ವಿಮೆಯಲ್ಲಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಹೇಗೂ ಪುಕ್ಕಟೆ. ಆದರೂ ಜನ ಬರುತ್ತಿರಲಿಲ್ಲ. ಮಲಗಿದಷ್ಟು ದಿನ ಕೂಲಿ ಹೋಗುತ್ತದಲ್ಲ! ಹಾಗಾಗಿ ಆ ವಿಮೆ ದಾಖಲಾದ ರೋಗಿಗೆ ದಿನಕ್ಕೆ 50 ರೂಪಾಯಿ ಹೋದ ಕೂಲಿಗಾಗಿಯೇ ಕೊಟ್ಟಿತು. ಔಷಧಕ್ಕೆ ಬೇರೆ ಹಣವಿಟ್ಟಿತು. ಚಿಕಿತ್ಸೆಯ ಬೆಲೆಗಿಂತ ಮುಂಚೆ ದಿನದ ಬೆಲೆಯನ್ನು ಕೇಳಿದ್ದು ಆ ವಿಮೆಯ ಜಾಣ್ಮೆ. ಮಹಾರಾಷ್ಟ್ರದ ಜಾಮಖೇಡದಲ್ಲಿ ರಜನಿಕಾಂತ್ ಮತ್ತು ಮೇಬೆಲ್ ಆರೋಳೆ ದಂಪತಿ 1970ರಲ್ಲಿ ಶುರು ಮಾಡಿದ ಕೆಲಸವೂ ಇಂಥದ್ದೇ ಜಾಣ್ಮೆಯಿಂದ ಬೆಳೆದದ್ದು. ಓದು ಬಾರದ ಹಳ್ಳಿ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಅವರು ತಯಾರು ಮಾಡಿದರು. ‘ಆಶಾ’ ಎಂಬ ಹೆಸರು ಸರ್ಕಾರಕ್ಕೆ ಹೊಳೆಯುವುದಕ್ಕೆ ಮೂವತ್ತೈದು ವರ್ಷ ಮುಂಚೆ.

ಆಶಾ ಕಾರ್ಯಕರ್ತೆಯರು ಬಂದದ್ದು 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ. ಸುಮಾರು ಸಾವಿರ ಜನಕ್ಕೆ ಒಬ್ಬರು, ಅದೇ ಊರಿನ ಸೊಸೆ. ಬಸುರಿಯ ತಾಯಿ ಕಾರ್ಡು ಮಾಡಿಸುವುದು, 108ಕ್ಕೆ ಫೋನು ಮಾಡಿ ನಡುರಾತ್ರಿ ಜೊತೆಗೆ ಹೋಗುವುದು, ಕೂಸಿಗೆ ಚುಚ್ಚುಮದ್ದಿನ ದಿನ ನೆನಪಿಸುವುದು, ಕ್ಷಯರೋಗಿ ಮಾತ್ರೆ ನುಂಗಿದನೋ ಇಲ್ಲವೋ ನೋಡುವುದು, ಇವೆಲ್ಲ ಸೇರಿ ಅವರ ದಿನ. ಮನೆ ಬಾಗಿಲಿಗೇ ಹೋಗಿ 30 ದಾಟಿದವರ ಬಿಪಿ, ಶುಗರ್ ಮೊದಲಾದವನ್ನು ತಪಾಸಣೆ ಮಾಡಿ ಔಷಧ ಮುಟ್ಟಿಸುವ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರದಿಂದ ಶುರುವಾಗಿ ಉಳಿದ ಜಿಲ್ಲೆಗಳಿಗೆ ಹಬ್ಬಿತು. ಹೃದಯಾಘಾತದ ಮೂಲ ಹುಡುಕಿದರೆ ಸಿಗುವುದು ಈ ಬಿಪಿ, ಶುಗರ್‌ಗಳೇ ಆದ್ದರಿಂದ ಹಾಸನಕ್ಕೆ ಇದು ಬೇಕಾದ ಕೆಲಸ. ಅದರ ಭಾರದಲ್ಲೂ ಒಂದಷ್ಟು ಬಿದ್ದದ್ದು ಅದೇ ಹೆಗಲ ಮೇಲೆ. 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲಿರುಳು ಕೂತರು. ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿ ಖಾತ್ರಿ ಎಂಬ ಭರವಸೆ ಪಡೆದು ಎದ್ದರು. ಆಗಸ್ಟಿನಲ್ಲಿ ಮತ್ತೆ ಧರಣಿ ಕೂತರು, ಅದೇ ಭರವಸೆಯನ್ನು ನೆನಪಿಸಲು. ಸಮುದಾಯದ ಪಾಲ್ಗೊಳ್ಳುವಿಕೆ ಎಂದು ಭಾಷಣದಲ್ಲಿ ಹೇಳುವುದು ಬಹುತೇಕ ಈ ಹೆಂಗಸರ ಕಡಿಮೆ ಕೂಲಿಯ ದುಡಿಮೆಯನ್ನೇ.

ಕಾಗದದ ಮೇಲೆ ಊರಿಗೆ ಅಧಿಕಾರವೂ ಇದೆ. ಪ್ರತಿ ಹಳ್ಳಿಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ. ಗ್ರಾಮ ಪಂಚಾಯಿತಿ ಸದಸ್ಯರು ಅಧ್ಯಕ್ಷರು, ಆಶಾ ಕಾರ್ಯದರ್ಶಿ. ಇಬ್ಬರ ಸಹಿಯ ಜಂಟಿ ಖಾತೆ. ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ. ಎಷ್ಟು ಊರುಗಳಲ್ಲಿ ಈ ಸಮಿತಿಗಳ ಸದಸ್ಯರಿಗೆ ತಾವು ಸದಸ್ಯರು ಎಂಬುದು ಗೊತ್ತಿದೆ? ಬೋರ್ಡು ಇದ್ದಲ್ಲಿ ಸಭೆ ಇರುವುದಿಲ್ಲ, ಸಭೆ ಇದ್ದಲ್ಲಿ ನಡಾವಳಿ ಪುಸ್ತಕಕ್ಕೆ ಮನೆಮನೆಗೆ ಹೋಗಿ ಸಹಿ ಹಾಕಿಸಿರುತ್ತಾರೆ. ಡೈರಿಯಲ್ಲಿ ಫ್ಯಾಟ್ ಒಂದು ಪಾಯಿಂಟ್ ಕಡಿಮೆ ಬಂದರೆ ಜಗಳಕ್ಕೆ ನಿಲ್ಲುವ ಊರು ಇಲ್ಲಿ ಸುಮ್ಮನಿರುವುದೇಕೆ? ಡೈರಿಯ ದುಡ್ಡು ತನ್ನದು ಎಂದು ಊರಿಗೆ ಗೊತ್ತು. ಈ ಹತ್ತು ಸಾವಿರ ತನ್ನದು ಎಂದು ಯಾರೂ ಹೇಳಿಲ್ಲ.

ಕೋವಿಡ್ ಮಾತ್ರ ಈ ಮೌನವನ್ನು ಸ್ವಲ್ಪ ಕಾಲ ಅಲ್ಲಾಡಿಸಿತು. ಪಂಚಾಯಿತಿ ಮಟ್ಟದ ಕಾರ್ಯಪಡೆಗಳು ಊರಿಗೆ ಬಂದವರ ಪಟ್ಟಿ ಮಾಡಿದವು, ಔಷಧ ಹಂಚಿದವು, ಅನ್ನ ಮುಟ್ಟಿಸಿದವು. ಆ ಅನುಭವದ ಬೆನ್ನಿಗೆ ಗ್ರಾಮೀಣಾಭಿವೃದ್ಧಿ ಇಲಾಖೆ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಜೊತೆ ಸೇರಿ ‘ಗ್ರಾಮ ಪಂಚಾಯತ್ ಆರೋಗ್ಯ ಅಮೃತ ಅಭಿಯಾನ’ವನ್ನು ನಡೆಸಿತು. ಪಂಚಾಯಿತಿಗಳಿಗೆ ಬಿಪಿ ಯಂತ್ರ, ಶುಗರ್ ನೋಡುವ ಯಂತ್ರಗಳ ಕಿಟ್ ಕೊಟ್ಟು, ಊರಲ್ಲೇ ತಪಾಸಣೆ ಮಾಡಿ, ಕ್ಷಯ, ರಕ್ತಹೀನತೆ, ಬಾಲ್ಯವಿವಾಹಗಳ ಮೇಲೆ ಪಂಚಾಯಿತಿ ಕಣ್ಣಿಡುವಂತೆ ಮಾಡುವುದು ಅದರ ಉದ್ದೇಶ. ಮೊದಲ ಬಾರಿಗೆ ಪಂಚಾಯಿತಿ ಚರಂಡಿ, ಬೀದಿದೀಪಗಳ ಆಚೆಗೆ ಮನುಷ್ಯರ ಮೈಯ ಲೆಕ್ಕವನ್ನೂ ಇಟ್ಟಿತು.

ಮೇಲೆ ಹೆಸರಿಸಿದ ಹಾಸನ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಲೆಕ್ಕವೂ ಒಂದೇ ರೀತಿ ಇಲ್ಲ. ಚನ್ನರಾಯಪಟ್ಟಣ ತೆಂಗಿನ ಬಯಲುಸೀಮೆ. ಹೆದ್ದಾರಿ ಪಕ್ಕದಲ್ಲೇ ಇದೆ, ಬೆಳ್ಳೂರೂ ಬೆಂಗಳೂರೂ ಅದೇ ದಾರಿಯಲ್ಲಿವೆ. ಹೊಳೆನರಸೀಪುರ ಹೇಮಾವತಿ ದಂಡೆಯ ಗದ್ದೆ ಸೀಮೆ. ಅರಕಲಗೂಡಿನ ರಾಮನಾಥಪುರ, ಕೊಣನೂರು ಕಡೆ ಹೊಗೆಸೊಪ್ಪಿನ ಬೆಳೆ. ಕುಯ್ಲಿನ ಕಾಲದಲ್ಲಿ ಕೆಲಸ ಬಿಟ್ಟು ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ, ಹಾಸನವೂ ಮೈಸೂರೂ ಎರಡೂ ದೂರ. ಸಾಲಗಾಮೆಯಂಥ ಕಡೆ ಪೇಟೆ ಹತ್ತಿರವಿರುವುದೇ ಒಂದು ಮಾಯೆ: ಹಾಸನ ಇಲ್ಲೇ ಇದೆಯಲ್ಲ ಎಂದು ಜನ ತಡಮಾಡುತ್ತಾರೆ. ಬೆಂಗಳೂರಿನಿಂದ ಬರುವ ಸುತ್ತೋಲೆ ನಾಲ್ಕಕ್ಕೂ ಒಂದೇ. ಯಾವ ವಾರ ತಪಾಸಣೆ ಶಿಬಿರ ಇಟ್ಟರೆ ಜನ ಬರುತ್ತಾರೆ, ಯಾವ ವಾರ ಬರುವುದಿಲ್ಲ ಎಂಬುದನ್ನು ಹೇಳಬಲ್ಲವರು ಹೊಗೆಸೊಪ್ಪು ಬೇಯಿಸುವವರೂ ಹಾಲು ಅಳೆಯುವವರೂ.

ಓದುಗರಲ್ಲಿ ಡೈರಿಗೆ ಹಾಲು ಹಾಕುವ ಮನೆಯವರಿದ್ದರೆ ಒಂದು ಕೆಲಸ ಮಾಡಬಹುದು. ಕಿಟಕಿಯ ಪಕ್ಕದಲ್ಲಿ, ಫ್ಯಾಟ್ ದರದ ಪಟ್ಟಿಯ ಕೆಳಗೆ, ಒಂದು ಹಾಳೆ ಅಂಟಿಸಲು ಕಾರ್ಯದರ್ಶಿಯನ್ನು ಕೇಳಿ. ಊರಿನ ಆಶಾ ಯಾರು, ರಾತ್ರಿ ಕರೆದರೆ ಕಾರು ತೆಗೆಯುವವರು ಯಾರು, ಇಸಿಜಿ ತೆಗೆಯುವ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು, ಆರೋಗ್ಯ ಸಮಿತಿಯ ಖಾತೆಯಲ್ಲಿ ಈ ವರ್ಷ ಎಷ್ಟು ಹಣವಿದೆ — ನಾಲ್ಕು ಸಾಲು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಐದನೆಯದು: ಎದೆನೋವು ಬಂದರೆ ಸೋಡ ಹುಡುಕಬೇಡಿ, 108ಕ್ಕೆ ಫೋನು ಮಾಡಿ.